ಕಂಬದಲ್ಲಿ ಎರಡು ಗೀರು

"ಎಡಗೈಲಿ ಬಡುಸ್ಬೇಡ ಅಂತ ಎಷ್ಟ್ ದಪ ಯೋಳ್ಬೇಕು ನಿಂಗ?"

ಗುರುಮಲ್ಲಮ್ಮ ತನ್ನ ತಟ್ಟೆಯನ್ನು ಪಕ್ಕಕ್ಕೆ ಎಳೆದುಕೊಂಡಳು. ಸಾರು ತುಂಬಿದ ಸೌಟು ಸೊಸೆ ಯಶೋದಮ್ಮನ ಎಡಗೈಯಲ್ಲಿ ಹಾಗೇ ನಿಂತುಬಿಟ್ಟಿತು. ಅವಳು ಅದನ್ನು ಬಲಗೈಗೆ ಬದಲಿಸಿದಳು. ಆ ಕೈಗೆ ಸೌಟಿನ ಅಭ್ಯಾಸ ತಪ್ಪಿತ್ತು. ಎರಡು ಹನಿ ಸಾರು ನೆಲಕ್ಕೆ ಬಿತ್ತು.

"ನೋಡು, ಅನ್ನಪೂರ್ಣೇಶ್ವರಿ ಚೆಲ್ಲಾಡ್ತಾವ್ಳೆ."

"ಬುಡವ್ವ, ಉಣ್ಣೋ ಹೊತ್ನಲ್ಲಿ," ಎಂದ ಶಿವಮಲ್ಲು, ತಾಯಿಯ ಮುಖವನ್ನೂ ನೋಡದೆ, ಹೆಂಡತಿಯ ಮುಖವನ್ನೂ ನೋಡದೆ. ಗುಂಡ್ಲುಪೇಟೆಯ ಹೈಸ್ಕೂಲೊಂದರಲ್ಲಿ ಗುಮಾಸ್ತನಾಗಿದ್ದ ಅವನು ದಿನವೂ ಉಡಿಗಾಲದಿಂದ ಬಸ್ಸಿನಲ್ಲಿ ಓಡಾಡುತ್ತಿದ್ದ. ಆಫೀಸಿನಲ್ಲಿ ಕಾಗದ ಸರಿಸುವಷ್ಟೇ ಸದ್ದಿಲ್ಲದೆ ಮನೆಯಲ್ಲಿ ಮಾತುಗಳನ್ನು ಸರಿಸಿಬಿಡುತ್ತಿದ್ದ.

ಇದನ್ನೆಲ್ಲ ಪಡಸಾಲೆಯ ಕಂಬದ ಬಳಿ ಕುಳಿತ ಪವಿತ್ರ ನೋಡುತ್ತಿದ್ದಳು. ಅವಳಿಗೆ ಹನ್ನೊಂದು ವರ್ಷ. ಹುಟ್ಟಿದಾಗಿನಿಂದ ಮೈಯಲ್ಲಿ ಬಲವಿಲ್ಲ, ಒಂದು ದಿನವೂ ನಿಂತವಳಲ್ಲ. ಕುಳಿತರೆ ಎಡಕ್ಕೆ ವಾಲಿಬಿಡುತ್ತಾಳೆಂದು ಯಶೋದಮ್ಮ ಅವಳನ್ನು ಒಂದು ಟವೆಲಿನಿಂದ ಕಂಬಕ್ಕೆ ಸೇರಿಸಿ ಕಟ್ಟುತ್ತಿದ್ದಳು. ಉಣ್ಣುವಾಗ ಪವಿತ್ರ ಕೈಯನ್ನು ಬಾಯಿಯ ತನಕ ಎತ್ತಲಾರಳು. ಮೊಣಕೈಯನ್ನು ತೊಡೆಗೆ ಊರಿ, ಬೆನ್ನನ್ನು ಬಿಲ್ಲಿನಂತೆ ಬಗ್ಗಿಸಿ, ಬಾಯನ್ನೇ ತುತ್ತಿನ ಹತ್ತಿರಕ್ಕೆ ತರುತ್ತಿದ್ದಳು. ತಾನೇ ಕಂಡುಕೊಂಡ ಉಪಾಯ ಅದು. ಯಾರಾದರೂ ತಿನ್ನಿಸಲು ಬಂದರೆ ತುಟಿ ಬಿಗಿದುಕೊಳ್ಳುತ್ತಿದ್ದಳು.

ಅಂದು ಆ ಟವೆಲಿನ ಗಂಟು ಸಡಿಲವಾಗಿತ್ತು. ಬಗ್ಗಿದವಳು ಪಕ್ಕಕ್ಕೆ ಜಾರಿದಳು. ಬಾಯಲ್ಲಿದ್ದ ಮುದ್ದೆ ಗಂಟಲಿಗೆ ಸಿಕ್ಕಿಕೊಂಡಿತು. ಕೆಮ್ಮುವುದಕ್ಕೂ ಎದೆಯಲ್ಲಿ ಬಲ ಬೇಕು... ಆ ಬಲ ಅವಳಲ್ಲಿರಲಿಲ್ಲ. ತುಟಿ ನೀಲಿಯಾಗತೊಡಗಿತು. ಶಿವಮಲ್ಲು ಹಾರಿ ಬಂದು ಮಗಳನ್ನು ತೋಳಿನ ಮೇಲೆ ಬೋರಲು ಹಾಕಿಕೊಂಡು ಬೆನ್ನಿಗೆ ತಟ್ಟಿದ. ನಾಲ್ಕನೆಯ ಪೆಟ್ಟಿಗೆ ತುತ್ತು ಹೊರಬಿತ್ತು. ಉಸಿರು ಒಳಗೆ ಹೋದ ಸದ್ದು ಇಡೀ ಮನೆಗೆ ಕೇಳಿಸಿತು.

ಆಗಲೂ ಗುರುಮಲ್ಲಮ್ಮ ಕುಳಿತಲ್ಲಿಂದ ಏಳಲಿಲ್ಲ. ತನ್ನ ಎರಡೂ ಕೈಗಳನ್ನು ಕಂಕುಳಲ್ಲಿ ಅವುಚಿಕೊಂಡು, ಮೊಮ್ಮಗಳ ಎದೆ ಏರಿಳಿಯುವುದನ್ನೇ ನೋಡುತ್ತಿದ್ದಳು.

ಹನ್ನೊಂದು ವರ್ಷಗಳಲ್ಲಿ ಆ ಅಜ್ಜಿ ಮೊಮ್ಮಗಳನ್ನು ಒಮ್ಮೆಯೂ ಎತ್ತಿಕೊಂಡಿರಲಿಲ್ಲ. ತಲೆಗೆ ಎಣ್ಣೆ ಹಚ್ಚುತ್ತಿದ್ದಳು, ಚಾಮರಾಜನಗರದ ಸಂತೆಯಿಂದ ಕಡ್ಲೆಪುರಿ ತರುತ್ತಿದ್ದಳು, ಎತ್ತಿಕೊಳ್ಳುತ್ತಿರಲಿಲ್ಲ. ಯಾಕೆಂದು ಯಾರೂ ಕೇಳಿರಲಿಲ್ಲ. ಕೇಳದೆ ಇರುವುದು ಆ ಮನೆಯಲ್ಲಿ ಬಾಗಿಲು ಮುಂದೆ ಮಾಡಿಕೊಳ್ಳುವಷ್ಟೇ ಸಹಜವಾಗಿತ್ತು.

ಎಡಗೈಯ ಕಥೆಯೂ ಎತ್ತಿಕೊಳ್ಳುವುದರಿಂದಲೇ ಶುರುವಾದದ್ದು. ಪವಿತ್ರಳಿಗೆ ಆರು ವರ್ಷವಾಗಿದ್ದಾಗ, ಸ್ನಾನ ಮಾಡಿಸುವ ಹೊತ್ತಿನಲ್ಲಿ, ಬೆನ್ನು ಡೊಂಕಾಗಿರುವುದು ಮೊದಲು ಕಂಡಿತು. ಗುರುಮಲ್ಲಮ್ಮ ಸೊಸೆಯ ಕಡೆ ತಿರುಗಿದ್ದಳು. "ಯಾವಾಗ್ಲೂ ಎಡ ಸೊಂಟದ ಮ್ಯಾಲೇ ಕೂರಿಸ್ಕಂಡು ತಿರುಗ್ದಲ್ಲ, ಅದ್ಕೇ ವಾಲೋಯ್ತು ಮೊಗ. ನೀನೇ ಮಾಡ್ಬುಟ್ಟೆ." ಯಶೋದಮ್ಮ ಆ ಮಾತನ್ನು ನಂಬಿದಳು. ಹೇಳಿದವಳು ಬರೀ ಅತ್ತೆಯಲ್ಲ, ತನ್ನ ತಂದೆಯ ಸ್ವಂತ ಅಕ್ಕ. ಗುಂಡ್ಲುಪೇಟೆಯ ತವರಿಗೆ ಬಂದು ತಾನಾಗಿ ತಮ್ಮನ ಮಗಳನ್ನು ಕೇಳಿ ತಂದುಕೊಂಡವಳು. ಅಂದಿನಿಂದ ಯಶೋದಮ್ಮ ಮಗಳನ್ನು ಬಲ ಸೊಂಟಕ್ಕೆ ಬದಲಿಸಿದಳು. ಎಡಕ್ಕೆ ಬಗ್ಗಿದ್ದು ಬಲಕ್ಕೆ ಎತ್ತಿಕೊಂಡರೆ ನೆಟ್ಟಗಾದೀತು ಎಂಬ ಲೆಕ್ಕ. ಬಲಗೈ ಮಗಳನ್ನು ಹಿಡಿದಿರುವಾಗ ಸೌಟು, ಪೊರಕೆ, ರೇಷ್ಮೆ ಹುಳಕ್ಕೆ ಸೊಪ್ಪು ಹೆಚ್ಚುವ ಕತ್ತಿ, ಎಲ್ಲವೂ ಎಡಗೈಗೆ ಬಂದವು. ಐದು ವರ್ಷಗಳಲ್ಲಿ ಎಡಗೈಯೇ ಅವಳ ಕೈಯಾಯಿತು. ಬೆನ್ನು ಮಾತ್ರ ಇನ್ನಷ್ಟು ಬಾಗಿತು. ಅತ್ತೆಗೆ ಬೈಯಲು ಎರಡು ಕಾರಣ ಸಿಕ್ಕಿತು.

ಆ ಭಾನುವಾರ ಶಿವಮಲ್ಲುವಿನ ಹೈಸ್ಕೂಲಿನಲ್ಲೇ ಅಂಗವಿಕಲ ಮಕ್ಕಳ ತಪಾಸಣೆಯ ಶಿಬಿರವಿತ್ತು. ಬೆಂಗಳೂರಿನಿಂದ ಎಲುಬಿನ ಡಾಕ್ಟರು ಬರುತ್ತಿದ್ದರು. ಚಾಮರಾಜನಗರದಲ್ಲಿ ತೆಗೆಸಿದ ಎಕ್ಸ್‌ರೇ ಹಿಡಿದು ನಾಲ್ವರೂ ಹೊರಟರು. "ಡಾಕ್ಟ್ರು ಏನಂದನು ಅಂತ ನಾನೇ ಕೇಳ್ತೀನಿ. ಇವ್ನು ಎಲ್ಲದ್ಕೂ ಸರಿ ಸಾ ಅಂದ್ಬುಟ್ಟು ಬತ್ತನೆ," ಎಂದು ಗುರುಮಲ್ಲಮ್ಮ ಎಲ್ಲರಿಗಿಂತ ಮೊದಲು ಬಸ್ಸು ಹತ್ತಿ ಕುಳಿತಳು.

ದಾರಿಯಲ್ಲಿ ಪವಿತ್ರ ಎಕ್ಸ್‌ರೇಯನ್ನು ಕಿಟಕಿಗೆ ಹಿಡಿಯುವಂತೆ ತಾಯಿಯನ್ನು ಪೀಡಿಸಿದಳು. ಕಪ್ಪು ಹಾಳೆಯ ಹಿಂದೆ ಸೂರ್ಯಕಾಂತಿಯ ಹೊಲಗಳು ಓಡುತ್ತಿದ್ದವು.

"ಅವ್ವ, ಇದು ನಾನಾ?"

"ಊಂ."

"ಗೋಪಾಲಸ್ವಾಮಿ ಬೆಟ್ಟುಕ್ಕ ಓಗೋ ರೋಡ್ ಇದ್ದಂಗದೆ." ಅವಳು ಬಹಳ ಹೊತ್ತು ನೋಡಿದಳು. "ಇಷ್ಟ್ ದಿನ ನನ್ ಬೆನ್ನ ನೀವೆಲ್ಲ ನೋಡಿದ್ರಿ, ನಾನೊಬ್ಳೇ ನೋಡಿರ್ನಿಲ್ಲ."

ಡಾಕ್ಟರ ಹೆಸರು ವೃಷಭೇಂದ್ರಪ್ಪ. ಐವತ್ತರ ಆಸುಪಾಸು, ನಿಧಾನದ ಮಾತು. ಪವಿತ್ರಳನ್ನು ಬೆಂಚಿನ ಮೇಲೆ ಕೂರಿಸಿ ಹೇಳಿದರು. "ಒಂದೇ ಉಸಿರಲ್ಲಿ ಎಷ್ಟರವರೆಗೆ ಎಣಿಸ್ತೀಯಾ, ಎಣಿಸು ನೋಡೋಣ."

ಅವಳು ಒಂಬತ್ತಕ್ಕೆ ನಿಂತಳು. ಡಾಕ್ಟರು ಏನನ್ನೋ ಬರೆದುಕೊಂಡರು.

"ನೋಡಿ, ಇದು ಬೆನ್ನಿನ ಕಾಯಿಲೆ ಅಲ್ಲ. ಬೆನ್ನನ್ನ ನೆಟ್ಟಗೆ ಹಿಡಿದುಕೊಳ್ಳೋ ಸ್ನಾಯುಗಳಿಗೆ ಬಲ ಇಲ್ಲ. ಡೇರೆಯ ಹಗ್ಗಗಳು ಸಡಿಲ ಆದರೆ ನಡುವಿನ ಕಂಬ ವಾಲುತ್ತೆ, ಹಾಗೆ. ಹುಟ್ಟಿನಿಂದಲೇ ಬಂದದ್ದು."

ಯಶೋದಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಎಡ ಸೊಂಟದ ಮ್ಯಾಲೆ ಎತ್ಕಂಡಿದ್ಕೆ ಅಲ್ವಾ ಸಾ?"

ಡಾಕ್ಟರು ನಗಲು ಹೋಗಿ, ಅವಳ ಮುಖ ನೋಡಿ ನಗಲಿಲ್ಲ. "ಅಲ್ಲಮ್ಮ. ಎಡಕ್ಕೆ ಎತ್ತಿಕೊಂಡರೂ ಅಷ್ಟೆ, ಬಲಕ್ಕೆ ಎತ್ತಿಕೊಂಡರೂ ಅಷ್ಟೆ. ಎತ್ತಿಕೊಳ್ಳದೇ ಇದ್ದಿದ್ದರೂ ಹೀಗೇ ಆಗ್ತಿತ್ತು."

ಯಶೋದಮ್ಮ ಅಳಲಿಲ್ಲ. ತನ್ನ ಎರಡು ಅಂಗೈಗಳನ್ನು ಮಡಿಲಲ್ಲಿ ಬಿಚ್ಚಿಟ್ಟುಕೊಂಡು ಒಂದಾದ ಮೇಲೊಂದನ್ನು ನೋಡಿದಳು, ಯಾರದೋ ಕೈಗಳನ್ನು ನೋಡುವ ಹಾಗೆ.

"ಇಂಥದು ತಾಯಿ ತಂದೆ ಇಬ್ಬರ ಕಡೆಯಿಂದಲೂ ಬರುತ್ತೆ. ಅವರಿಬ್ಬರಿಗೂ ಏನೂ ಆಗಿರಲ್ಲ, ಒಳಗೆ ಅಡಗಿರುತ್ತೆ. ನಿಮ್ಮದು ಸಂಬಂಧದಲ್ಲೇ ಮದುವೆಯಾ? ಹಾಗಾದರೆ ಮನೆತನದಲ್ಲಿ ಹಿಂದೆ ಯಾರಾದರೂ ಹೀಗೆ ನಡೆಯಲಾಗದ ಮಗು..."

"ಇಲ್ಲ," ಎಂದಳು ಗುರುಮಲ್ಲಮ್ಮ, ಪ್ರಶ್ನೆ ಮುಗಿಯುವ ಮೊದಲೇ.

ಡಾಕ್ಟರು ಆಕೆಯನ್ನು ಒಮ್ಮೆ ನೋಡಿ ಮುಂದುವರಿದರು. ಬೆನ್ನು ಹೀಗೇ ಬಾಗುತ್ತ ಹೋದರೆ ಎದೆಗೂಡು ಒಂದು ಕಡೆ ಕುಸಿಯುತ್ತದೆ, ಒಳಗಿನ ಶ್ವಾಸಕೋಶಕ್ಕೆ ಜಾಗ ಉಳಿಯುವುದಿಲ್ಲ. ಪಟ್ಟಿ, ಬೆಲ್ಟುಗಳಿಂದ ಇದು ನಿಲ್ಲುವ ಹಂತ ದಾಟಿದೆ. ಆಪರೇಷನ್ ಮಾಡಬಹುದು. ಕತ್ತಿನ ಕೆಳಗಿಂದ ಸೊಂಟದ ಮೂಳೆಯವರೆಗೆ ಬೆನ್ನು ಬಿಚ್ಚಿ, ಎರಡು ಉಕ್ಕಿನ ಸರಳು ಇಟ್ಟು, ಒಂದೊಂದು ಮೂಳೆಯನ್ನೂ ತಂತಿಯಿಂದ ಸರಳಿಗೆ ಬಿಗಿಯುತ್ತಾರೆ. ಆಮೇಲೆ ಮೂಳೆಗಳೆಲ್ಲ ಬೆಸೆದು ಒಂದಾಗುತ್ತವೆ. ಮಗು ನಡೆಯುವುದಿಲ್ಲ, ಬಲವೂ ಬರುವುದಿಲ್ಲ. ಆದರೆ ನೆಟ್ಟಗೆ ಕೂರುತ್ತದೆ. ಉಸಿರು ಇನ್ನಷ್ಟು ಕೆಡುವುದು ನಿಧಾನವಾಗಬಹುದು. ಅಪಾಯವಿದೆ, ಆಪರೇಷನ್ ಆದ ಮೇಲೆ ಉಸಿರಾಟದ ಯಂತ್ರದಿಂದ ಹೊರಬರದೆ ಹೋಗುವ ಮಕ್ಕಳೂ ಇದ್ದಾರೆ.

ಪವಿತ್ರ ಕೇಳಿದಳು. "ಆಮೇಲೆ ಬಗ್ಗಕ್ಕಾಯ್ತದಾ ಸಾ?"

"ಬೆನ್ನು ಬಗ್ಗಲ್ಲ ಮರಿ."

"ಹಂಗಾದ್ರೆ ಉಣ್ಣೋದ್ ಎಂಗೆ?"

"ಈಗ ಹೇಗೆ ಉಣ್ತೀಯಾ, ತೋರಿಸು." ಡಾಕ್ಟರು ಒಂದು ಬಿಸ್ಕೆಟ್ ಕೊಟ್ಟರು. ಅವಳು ಮೊಣಕೈ ಊರಿ, ಬಗ್ಗಿ, ಬಾಯನ್ನು ಬಿಸ್ಕೆಟ್ಟಿನ ಬಳಿಗೆ ಕೊಂಡೊಯ್ದಳು. ಅವರು ಪೆನ್ನು ಕೆಳಗಿಟ್ಟರು. "ಸುಳ್ಳು ಹೇಳಲ್ಲ ಪವಿತ್ರ. ನಿನ್ನ ಹಾಗೆ ಉಣ್ಣೋ ಕೆಲವು ಮಕ್ಕಳು ಆಮೇಲೆ ತಾವೇ ಉಣ್ಣೋದನ್ನ ಕಳ್ಕೊಂಡಿದ್ದಾರೆ."

"ನಡೀರಿ," ಎಂದು ಗುರುಮಲ್ಲಮ್ಮ ಎದ್ದುನಿಂತಳು. "ಮೊಗೀನ ಬೆನ್ನ ಕಬ್ಬಿಣಕ್ಕೆ ಕಟ್ಟೋದಂತೆ. ನಾ ಇರಗಂಟ ಆಗಕಿಲ್ಲ."

"ಎರಡು ತಿಂಗಳಿಗೆ ಮತ್ತೆ ಬರ್ತೀನಿ," ಎಂದರು ಡಾಕ್ಟರು ಶಿವಮಲ್ಲುವಿಗೆ. "ಅಷ್ಟರಲ್ಲಿ ಯೋಚಿಸಿ. ತುಂಬಾ ತಡ ಮಾಡಿದರೆ ಈ ಉಸಿರು ಆಪರೇಷನ್ನನ್ನೇ ತಡೆದುಕೊಳ್ಳಲ್ಲ."

"ಸರಿ ಸಾ," ಎಂದ ಶಿವಮಲ್ಲು.

ಆ ಮನೆಯಲ್ಲಿ ಗುರುಮಲ್ಲಮ್ಮ ಬೇಡವೆಂದ ಮೇಲೆ ಬೇಡವೇ. ಗಂಡ ಸತ್ತಾಗಿನಿಂದ ಹೊಲ, ಹಿಪ್ಪುನೇರಳೆ ತೋಟ, ಹುಳದ ಮನೆ ಎಲ್ಲವೂ ಅವಳ ಮಾತಿನಂತೆ ನಡೆದಿತ್ತು. ಯಶೋದಮ್ಮ ಜಗಳವಾಡಲಿಲ್ಲ. ಮಾತು ಬಿಟ್ಟಳು. ಕೇಳಿದ್ದಕ್ಕೆ ತಲೆಯಾಡಿಸುತ್ತಿದ್ದಳು, ಬಡಿಸುತ್ತಿದ್ದಳು, ಎಡಗೈಯಲ್ಲೇ ಬಡಿಸುತ್ತಿದ್ದಳು. ವಿಚಿತ್ರವೆಂದರೆ ಅತ್ತೆಯೂ ಈಗ ಅದನ್ನು ಬೈಯುತ್ತಿರಲಿಲ್ಲ. ಎರಡು ಮೌನಗಳ ನಡುವೆ ಶಿವಮಲ್ಲು ಬೆಳಗಿನ ಬಸ್ಸಿಗೆ ಇನ್ನೂ ಬೇಗ ಹೊರಡತೊಡಗಿದ.

ಹುಳ ಹಣ್ಣಾಗುವ ವಾರ ಬಂತು. ಸೊಪ್ಪು ತಿನ್ನುವುದನ್ನು ನಿಲ್ಲಿಸಿ, ಮೈ ಹೊಂಬಣ್ಣಕ್ಕೆ ತಿರುಗಿ, ತಲೆಯೆತ್ತಿ ಆಡಿಸುವ ಹುಳಗಳನ್ನು ಆಯ್ದು ಗೂಡು ಕಟ್ಟಲು ಬಿದಿರು ಹೆಣೆದ ತಟ್ಟಿಗೆ, ಚಂದ್ರಿಕೆಗೆ ಬಿಡಬೇಕು. ಅದನ್ನು ಗುರುತಿಸುವುದರಲ್ಲಿ ಪವಿತ್ರಳ ಕಣ್ಣನ್ನು ಮೀರಿಸುವವರಿರಲಿಲ್ಲ. ಅಂದು ಮಧ್ಯಾಹ್ನ ಪಡಸಾಲೆಯಲ್ಲಿ ಅಜ್ಜಿ ಹುಳದ ತಟ್ಟೆಯನ್ನು ಅವಳ ಮುಂದಿಟ್ಟುಕೊಂಡು, ಅವಳು ತೋರಿಸಿದ ಹುಳಗಳನ್ನು ಆಯುತ್ತಿದ್ದಳು. ತೋಟದಿಂದ ಸೊಪ್ಪಿನ ಮಂಕರಿ ಹೊತ್ತು ಬಂದ ಯಶೋದಮ್ಮ ಬಾಗಿಲಲ್ಲಿ ತಡೆದು ನಿಂತಳು.

"ಅಜ್ಜಿ, ಹುಳೂಗ ಬೆನ್ನುಮೂಳೆ ಇಲ್ವಂತೆ, ಅಪ್ಪ ತಂದ ಪುಸ್ತಕದಲ್ಲಿ ಅದೆ. ಹಂಗಾದ್ರೂ ಎಂಗೆ ತಲೆ ಎತ್ತೋದು?"

"ನನ್ನೇನ್ ಕೇಳೀಯೆ, ಅದ್ನೇ ಕೇಳು."

"ಅದು ಬಾಯ್ ಬುಡಲ್ಲ, ನಿನ್ನಂಗೇ." ಪವಿತ್ರ ನಕ್ಕಳು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಕೇಳಿದಳು. "ಅಜ್ಜಿ, ಈ ಕಂಬದಲ್ಲಿ ನನ್ ಟವೆಲ್ ಉಜ್ಜಿ ಉಜ್ಜಿ ಒಂದ್ ಗೀರು ಬಿದ್ದದೆ. ಅದ್ರ ಕೆಳಗೆ ಇನ್ನೊಂದು ಅದೆ. ನನ್ ಸೊಂಟದ್ ಮಟ್ಟುಕ್ಕ. ಅದು ಯಾರ್ದು?"

"ಕರ ಕಟ್ತಿದ್ದೊ ಹಿಂದೆ."

"ಕರೀನ ಹಗ್ಗ ಆದ್ರೆ ಸುತ್ತ ಸವೀಬೇಕು. ಕರ ಸುಮ್ನೆ ನಿಲ್ತದಾ? ಇದು ಹಿಂದ್ಗಡೆ ಮಾತ್ರ ಸವೆದದೆ. ನನ್ದೂ ಹಿಂದ್ಗಡೆನೇ. ಸುಮ್ನೆ ಕೂತಿರೋರ್ನ ಕಟ್ಟಿದ್ರೆ ಮಾತ್ರ ಹಂಗಾಗೋದು."

ಗುರುಮಲ್ಲಮ್ಮನ ಬೆರಳುಗಳ ನಡುವೆ ಒಂದು ಹುಳ ತಲೆಯಾಡಿಸುತ್ತಿತ್ತು. ಅವಳು ಅದನ್ನು ಚಂದ್ರಿಕೆಯ ಮೇಲೆ ಬಿಟ್ಟಳು. ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಮತ್ತೆ ಒರೆಸಿಕೊಂಡಳು.

"ನಿಮ್ಮಪ್ಪನ್ಗಿಂತ ಮೊದ್ಲು ಒಬ್ಳು ಹುಟ್ಟಿದ್ಲು ನಂಗ. ಮಲ್ಲಮ್ಮ ಅಂತ. ನಿನ್ನಂಗೇ... ಕೂರ್ಸಿದ್ರೆ ವಾಲೋಳು. ನಿನ್ನಂಗೇ ಬಾಯಿ. ಸೀರೆ ಹರ್ದು ಈ ಕಂಬುಕ್ಕೇ ಕಟ್ಟಿ ಸೊಪ್ಪುಗ ಓಗ್ತಿದ್ದೆ."

ಬಾಗಿಲಲ್ಲಿ ನಿಂತಿದ್ದ ಸೊಸೆಯನ್ನು ಅವಳು ನೋಡಿದಳೋ ಇಲ್ಲವೋ, ಮಾತು ನಿಲ್ಲಿಸಲಿಲ್ಲ. ನಲವತ್ತು ವರ್ಷ ಒಳಗಿದ್ದ ಮಾತು ಹೊರಬರುವಾಗ ಅವಳ ದನಿ ಎತ್ತರವಾಗಲಿಲ್ಲ, ಇನ್ನೂ ತಗ್ಗಿತು. ಮಲ್ಲಮ್ಮನಿಗೆ ನಾಲ್ಕು ವರ್ಷವಾದಾಗ ಬೆನ್ನು ಬಾಗತೊಡಗಿತು. ಸತ್ಯಮಂಗಲದ ರಸ್ತೆಯ ಕಡೆಯಿಂದ ಮೂಳೆ ಕಟ್ಟುವವನೊಬ್ಬ ಬಂದ. ಬಿದಿರಿನ ಸೀಳುಗಳನ್ನು ಎದೆಗೂ ಬೆನ್ನಿಗೂ ಕೊಟ್ಟು, ಬಟ್ಟೆ ಸುತ್ತಿ, ಬಿಗಿಯಾಗಿ ಕಟ್ಟಿದ. ಒಂಬತ್ತು ದಿನ ಬಿಚ್ಚಕೂಡದು, ಬಿಚ್ಚಿದರೆ ಕಟ್ಟಿದ್ದು ಫಲಿಸದು ಎಂದ. ಮೂರನೆಯ ದಿನ ಕೂಸು "ಬಿಚ್ಚವ್ವ" ಎಂದಿತು. ನಾಲ್ಕನೆಯ ದಿನವೂ ಎಂದಿತು. ಐದನೆಯ ದಿನ ಅದಕ್ಕೆ ಮಾತಾಡುವಷ್ಟು ಉಸಿರಿರಲಿಲ್ಲ, ಕಣ್ಣಲ್ಲೇ ಕೇಳಿತು... "ಬಿಚ್ಚಬ್ಯಾಡ ಅಂದಿದ್ನಲ್ಲ. ಬಿಚ್ನಿಲ್ಲ ಕಣವ್ವ ನಾನು. ಸೊಂಟದ ಮ್ಯಾಲೆ ಕೂರಿಸ್ಕಂಡು ತಿರುಗಾಡಿಸ್ದೆ, ಸಮಾಧಾನ ಆಗ್ಲಿ ಅಂತ. ಸೊಂಟದ ಮ್ಯಾಲೇ ಓಯ್ತು."

ಪವಿತ್ರ ತಲೆಯನ್ನು ಹಿಂದಕ್ಕೆ ಕಂಬಕ್ಕೆ ಆನಿಸಿದಳು.

ಯಶೋದಮ್ಮ ಮಂಕರಿಯನ್ನು ನೆಲಕ್ಕಿಳಿಸಿದಳು. "ನಿಮ್ಗ ಗೊತ್ತಿತ್ತು ಅತ್ತೆ," ಎಂದಳು. ತಿಂಗಳಾದ ಮೇಲೆ ಅವಳು ಅತ್ತೆಯೊಂದಿಗೆ ಆಡಿದ ಮೊದಲ ಮಾತು. "ಹುಟ್ಟಿನಿಂದ ಬಂದದ್ದು ಅಂತ ಗೊತ್ತಿತ್ತು. ಆದ್ರೂ ನನ್ ಸೊಂಟ ಅಂದ್ರಿ. ಐದ್ ವರ್ಸ ನಾನು..."

"ಊಂ. ಅಂದೆ."

"ಯಾಕೆ?"

ಗುರುಮಲ್ಲಮ್ಮ ಕಂಬವನ್ನು ನೋಡುತ್ತ ಹೇಳಿದಳು. "ನಿನ್ ಸೊಂಟ ಅಂದ್ರೆ, ಈ ಸಲ ನಂದಲ್ಲ ಅಂತಾಯ್ತದಲ್ಲ. ಅಷ್ಟೇ ಕಣೆ. ಇನ್ನೇನಿಲ್ಲ."

ಹೊಡೆಯಬೇಕೆನಿಸಿತೋ ತಬ್ಬಬೇಕೆನಿಸಿತೋ ಯಶೋದಮ್ಮನಿಗೆ ತಿಳಿಯಲಿಲ್ಲ. ಒಳಗೆ ಇನ್ನೂ ಹಣ್ಣಾಗದ ಹುಳಗಳು ಹಸಿದಿದ್ದವು; ಅವು ಸೊಪ್ಪು ತಿನ್ನುವ ಸದ್ದು ನಿಂತುಹೋಗಿತ್ತು. ಅವಳು ಮಂಕರಿ ಎತ್ತಿಕೊಂಡು ಒಳಗೆ ಹೋದಳು. ಸೊಪ್ಪು ಹರಡುವಾಗ ಬಿದ್ದ ಕಣ್ಣೀರನ್ನು ಸೆರಗಿನಿಂದ ಒತ್ತಿ ತೆಗೆದಳು. ಒದ್ದೆ ಸೊಪ್ಪು ಹುಳಕ್ಕೆ ಆಗುವುದಿಲ್ಲ.

ಎರಡು ತಿಂಗಳ ಮೇಲೆ ಡಾಕ್ಟರು ಮತ್ತೆ ಗುಂಡ್ಲುಪೇಟೆಗೆ ಬಂದಾಗ ಮೊದಲು ಮಾತಾಡಿದವಳು ಗುರುಮಲ್ಲಮ್ಮ.

"ಅವತ್ತು ನಾ ಸುಳ್ಳು ಯೋಳ್ದೆ. ನಂಗೊಬ್ಳು ಇದ್ಲು, ಇಂಗೇ." ಎಲ್ಲವನ್ನೂ ಹೇಳಿದಳು. ಶಿವಮಲ್ಲು ತನಗೊಬ್ಬ ಅಕ್ಕನಿದ್ದಳೆಂದು ಕೇಳಿದ್ದು ಆಗಲೇ. ಅವನು ಕಿಟಕಿಯ ಸರಳು ಹಿಡಿದು ನಿಂತ. ಗುರುಮಲ್ಲಮ್ಮ ಮುಂದುವರಿಸಿದಳು. "ಈಗೊಂದ್ ಕೇಳ್ತೀನಿ ಸಾ. ಉಸ್ರು ಕಟ್ತು ಅಂತ ಮೊಗ ಅಂದ್ರೆ, ಬಿಚ್ಚಾಕಾಯ್ತದಾ?"

ಡಾಕ್ಟರು ಕುರ್ಚಿಯನ್ನು ಆಕೆಯ ಹತ್ತಿರಕ್ಕೆ ಎಳೆದುಕೊಂಡರು. "ಸರಳು ಬಿಚ್ಚಲ್ಲ ತಾಯಿ. ಆದರೆ ಅದು ಎದೆಯ ಮೇಲೆ ಕಟ್ಟೋದಲ್ಲ. ಎದೆಗೆ ಏನೂ ಸುತ್ತಲ್ಲ. ಒಳಗೆ ಮೂಳೆಗೆ ಮಾತ್ರ. ನಿಮ್ಮ ಮಗಳಿಗೆ ಕಟ್ಟಿದ್ದು ಎದೆಯನ್ನ ಮುಚ್ಚಿತು. ಇದು ಎದೆಗೆ ಜಾಗ ಬಿಡಿಸೋದಕ್ಕೆ. ಫಲಿಸುತ್ತೆ ಅಂತ ಭಾಷೆ ಕೊಡಲಾರೆ. ಆ ಯಂತ್ರದ ಪಕ್ಕದಲ್ಲಿ ಮಾತ್ರ ನಾನು ಇರ್ತೀನಿ."

"ನೀನೇನಂದೀಯೆ ಮೊಗ?" ಎಂದು ಗುರುಮಲ್ಲಮ್ಮ ತಿರುಗಿದಳು. ಆ ಮನೆಯಲ್ಲಿ ಅವಳು ಇನ್ನೊಬ್ಬರ ತೀರ್ಮಾನ ಕೇಳಿದ್ದು ಅಪರೂಪ.

ಪವಿತ್ರ ತನ್ನ ಬಲಗೈಯನ್ನು ನೋಡಿಕೊಂಡಳು. "ಮೊದ್ಲು ಉಸ್ರು ಇರ್ಲಿ. ಉಣ್ಣೋದ್ ಎಂಗೆ ಅಂತ ಆಮ್ಯಾಕೆ ನೋಡ್ಕಳನ."

ಶಿವಮಲ್ಲು ಡಾಕ್ಟರ ಕೈಯಿಂದ ಕಾಗದ ತೆಗೆದುಕೊಂಡು, ತಾಯಿಯ ಕಡೆ ನೋಡದೆ, ಸಹಿ ಹಾಕಿದ.

ಬೆಂಗಳೂರಿನ ಆಸ್ಪತ್ರೆಯಲ್ಲಿ ಆಪರೇಷನ್ ಏಳು ಗಂಟೆ ನಡೆಯಿತು. ಪವಿತ್ರ ಐದು ದಿನ ಯಂತ್ರದ ಉಸಿರಿನಲ್ಲಿದ್ದಳು. ಐದು ದಿನವೂ ಗುರುಮಲ್ಲಮ್ಮ ವರಾಂಡದ ನೆಲದ ಮೇಲೆ ಗೋಡೆಗೊರಗಿ ಕುಳಿತಿದ್ದಳು. ಐದನೆಯ ದಿನವಂತೂ ಯಾರು ಏನು ಕೊಟ್ಟರೂ ಮುಟ್ಟಲಿಲ್ಲ. ಯಶೋದಮ್ಮ ಒಂದು ಲೋಟ ಕಾಫಿ ತಂದು ಅವಳ ಪಕ್ಕದಲ್ಲಿಟ್ಟು, ತಾನೂ ಅಲ್ಲೇ ಕುಳಿತಳು. ಕಾಫಿ ಆರಿತು. ಆರನೆಯ ದಿನ ಬೆಳಿಗ್ಗೆ ಗಂಟಲಿಗೆ ಹಾಕಿದ್ದ ನಳಿಗೆ ತೆಗೆದರು. ಒಳಗೆ ಕರೆದಾಗ ಪವಿತ್ರ ಅಜ್ಜಿಯನ್ನು ನೋಡಿ, ತುಟಿ ಮಾತ್ರ ಆಡಿಸಿ, ಒಂದೇ ಉಸಿರಿನಲ್ಲಿ ಎಣಿಸಿದಳು. ಆರಕ್ಕೆ ನಿಂತಳು. ಗುರುಮಲ್ಲಮ್ಮ ಹಾಸಿಗೆಯ ಕಬ್ಬಿಣದ ಅಂಚು ಹಿಡಿದು ಅಲ್ಲೇ ಕುಸಿದು ಕುಳಿತು ಅತ್ತಳು... ನಲವತ್ತು ವರ್ಷದ ಹಿಂದೆ ಅಳಬೇಕಾಗಿದ್ದವಳ ಹಾಗೆ.

ತಿಂಗಳಾದ ಮೇಲೆ ಉಡಿಗಾಲಕ್ಕೆ ಬಂದರು. ಪಡಸಾಲೆಯ ಕಂಬಕ್ಕೆ ಪವಿತ್ರಳನ್ನು ಒರಗಿಸಿದರು. ಯಶೋದಮ್ಮನ ಕೈ ಅಭ್ಯಾಸದಂತೆ ಟವೆಲಿಗೆ ಹೋಯಿತು, ಕಟ್ಟುವ ಅಗತ್ಯವಿರಲಿಲ್ಲ. ಮಗಳು ನೆಟ್ಟಗೆ ಕುಳಿತಿದ್ದಳು. ಟವೆಲಿನ ಗೀರು ಹಿಂದೆ ಅವಳ ಎದೆಯ ಮಟ್ಟಕ್ಕಿತ್ತು, ಈಗ ಅದಕ್ಕಿಂತ ಕೆಳಗೆ ಇಳಿದಿತ್ತು.

"ಗೀರು ಇಳೀತಾ, ನಾನು ಏರಿದ್ನಾ?" ಎಂದಳು ಪವಿತ್ರ.

ಊಟದ ಹೊತ್ತಾಯಿತು. ತಟ್ಟೆಯನ್ನು ಎಂದಿನಂತೆ ಮುಂದಿಟ್ಟರು. ಅವಳು ಮುದ್ದೆ ಮುರಿದಳು, ಸಾರಿನಲ್ಲಿ ಅದ್ದಿದಳು, ಮೊಣಕೈಯನ್ನು ತೊಡೆಗೆ ಊರಿದಳು. ಬಗ್ಗಲು ನೋಡಿದಳು. ಬೆನ್ನು ಬಗ್ಗಲಿಲ್ಲ. ಕೈ ಎದೆಯವರೆಗೆ ಬಂದು ನಡುಗಿ ನಿಂತಿತು. ತುತ್ತಿಗೂ ಬಾಯಿಗೂ ಒಂದು ಗೇಣಿನ ದೂರ. ಮತ್ತೆ ಪ್ರಯತ್ನಿಸಿದಳು. ಮೂರನೆಯ ಸಲಕ್ಕೆ ತುತ್ತು ಲಂಗದ ಮೇಲೆ ಬಿತ್ತು. ಯಶೋದಮ್ಮ ತುತ್ತು ಮಾಡಿ ಬಾಯಿಗೆ ಹಿಡಿದಳು. ಪವಿತ್ರ ತುಟಿ ಬಿಗಿದುಕೊಂಡಳು. ಕಣ್ಣಿಂದ ನೀರು ಇಳಿಯುತ್ತಿದ್ದರೂ ತುಟಿ ತೆರೆಯಲಿಲ್ಲ.

"ಇರಿ," ಎಂದು ಗುರುಮಲ್ಲಮ್ಮ ಎದ್ದಳು. ಒಳಗೆ ಏನೋ ಉರುಳಿದ ಸದ್ದಾಯಿತು. ರಾಗಿ ಅಳೆಯುವ ಕೊಳಗ ತಂದು ಮೊಮ್ಮಗಳ ಮುಂದೆ ಬೋರಲು ಹಾಕಿದಳು. ಅದರ ಮೇಲೆ ಕೂರುವ ಮಣೆ ಇಟ್ಟಳು. ಮಣೆಯ ಮೇಲೆ ತಟ್ಟೆ. ಸಾಲದು. ಇನ್ನೊಂದು ಮಣೆ ತಂದಳು. ಪವಿತ್ರಳ ಮೊಣಕೈ ಹಿಡಿದು ಮಣೆಯ ಅಂಚಿಗೆ ಊರಿಸಿದಳು. ಹನ್ನೊಂದು ವರ್ಷಗಳಲ್ಲಿ ಆ ಕೈ ಮೊಮ್ಮಗಳ ತೂಕವನ್ನು ಹೊತ್ತದ್ದು ಅದೇ ಮೊದಲು, ತೋಳಿನಷ್ಟು ತೂಕ.

"ಈಗ ನೋಡು. ಬಾಯಿ ಇಳಿಯದೆ ಇದ್ರೆ ತಟ್ಟೆ ಏರ್ಲಿ."

ಮೊಣಕೈ ಅಂಚಿನ ಮೇಲೆ ತಿರುಗಿತು. ತುತ್ತು ನಿಧಾನವಾಗಿ ಮೇಲೆ ಬಂತು, ಗಲ್ಲಕ್ಕೆ ತಗುಲಿತು, ಸಾರು ಇಳಿಯಿತು, ಬಾಯಿ ಸೇರಿತು.

ಶಿವಮಲ್ಲು ಮುಖ ತಿರುಗಿಸಿಕೊಂಡ. ಪವಿತ್ರ ಅಗಿದು ನುಂಗಿ, ಎರಡನೆಯ ತುತ್ತಿಗೆ ಕೈ ಹಾಕಿ ಹೇಳಿದಳು. "ಉಪ್ಪು ಕಮ್ಮಿ ಕಣವ್ವ."

ಯಶೋದಮ್ಮ ನಕ್ಕಳೋ ಬಿಕ್ಕಿದಳೋ ಒಂದು ಸದ್ದು ಬಂತು. ಉಳಿದವರಿಗೆ ಬಡಿಸಲು ಅವಳು ಸೌಟು ತೆಗೆದುಕೊಂಡಳು, ಎಡಗೈಯಲ್ಲಿ. ಅತ್ತೆಯ ತಟ್ಟೆಯ ಮುಂದೆ ಬಂದಾಗ ಅದರ ಅರಿವಾಗಿ ತಡೆದಳು. ಗುರುಮಲ್ಲಮ್ಮ ಅವಳ ಕೈಯಿಂದ ಸೌಟನ್ನು ಬಿಡಿಸಿಕೊಂಡಳು. ಸೊಸೆಯ ಬಲಗೈಯನ್ನು ಹಿಡಿದು, ಬೆರಳುಗಳನ್ನು ಒಂದೊಂದಾಗಿ ತೆರೆದು, ಸೌಟಿನ ಹಿಡಿಯನ್ನು ಅದರೊಳಗಿಟ್ಟು, ಮೇಲೆ ತನ್ನ ಕೈ ಮುಚ್ಚಿದಳು.

"ಚೆಲ್ಲಿದ್ರೂ ಪರವಾಗಿಲ್ಲ," ಎಂದಳು. "ಕೈಗ ಮತ್ತೆ ರೂಢಿ ಆಗಗಂಟ ಚೆಲ್ಲು."

ಎರಡು ಹನಿ ಸಾರು ನೆಲಕ್ಕೆ ಬಿತ್ತು. ಗುರುಮಲ್ಲಮ್ಮ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡಳು.